ಕೋಳಿ ಕಾಳನ್ನು ಕೆದರಿ ಚೆಲ್ಲುವುದೇಕೆ

ಲೋಕಕ್ಕೆ ಇನ್ನೂ ಹಸಿ ಮಣ್ಣಿನ ವಾಸನೆ ಇದ್ದ ಕಾಲ. ಆಗ ಕೋಳಿಗಳಿಗೆ ಕೆದರುವುದೇ ಗೊತ್ತಿರಲಿಲ್ಲ. ಮುಂದೆ ಇಟ್ಟದ್ದನ್ನು ತಲೆ ತಗ್ಗಿಸಿಕೊಂಡು, ತಟ್ಟೆ ಬರಿದಾಗುವ ತನಕ ತಿನ್ನುತ್ತಿದ್ದವು. ಅಂಥ ಸಾಧು ಜಾತಿ!

ಒಂದು ಸಲ ಬಯಲಿನ ಹೊಳೆಗೆ ಸಿಟ್ಟು ಬಂತು. "ಏಳಿ, ಜಾಗ ಬಿಡಿ!" ಎಂದು ಉಕ್ಕಿ ಹರಿಯಿತು. ಸಿದ್ದಜ್ಜಿ ತನ್ನ ಕೆಂಚಿ ಕೋಳಿಯನ್ನೂ ಅವಳ ಎರಡು ಮರಿಗಳನ್ನೂ ಮಂಕರಿಯಲ್ಲಿ ಹೊತ್ತು, ಮೋಡ ಮುಟ್ಟುವ ಬೆಟ್ಟದ ನೆತ್ತಿಗೆ ಹತ್ತಿದಳು. ಮರಿಗಳಲ್ಲಿ ದೊಡ್ಡವನು ಬೆಳ್ಳ, ಚಿಕ್ಕವಳು ಚುಕ್ಕಿ.

ಸಿದ್ದಜ್ಜಿಯ ಉಪಚಾರ ಅಂದರೆ ಉಪಚಾರ. ನೆಂಟರಿರಲಿ, ಕೋಳಿಯಿರಲಿ, ಸಾಕು ಅಂದರೆ ಕೇಳುವವಳೇ ಅಲ್ಲ.

"ಇನ್ನೊಂದು ತುತ್ತು, ನನ್ನಾಣೆ!" ಬೆಳ್ಳ ತಿಂದ.

"ಇನ್ನೊಂದೇ ಒಂದು, ನನ್ನಾಣೆ!" ಬೆಳ್ಳ ಮತ್ತೂ ತಿಂದ. ನೋಡ ನೋಡುತ್ತ ಕುಂಬಳಕಾಯಿಯ ಹಾಗೆ ಊದಿದ. ಅಜ್ಜಿಗೆ ಖುಷಿಯೋ ಖುಷಿ.

ಒಂದು ಚಳಿಯ ಬೆಳಗ್ಗೆ ಬೆಳ್ಳನ ಜುಟ್ಟು ನೀಲಿಯಾಯಿತು. ಹೊಟ್ಟೆಯಲ್ಲಿ ನೀರು ತುಂಬಿ ಕುಲುಕಾಡಿತು. "ಅವ್ವಾ, ಉಸಿರು ಸಾಲ್ತಾ ಇಲ್ಲ" ಎಂದು ಕೊಕ್ಕು ತೆರೆದು ಏದುಸಿರು ಬಿಟ್ಟ. ಬಿಸಿಲೇರುವ ಮುಂಚೆಯೇ ಹೋಗಿಬಿಟ್ಟ.

ಕೆಂಚಿಯ ಕರುಳು ಕಿತ್ತು ಬಂತು. ಬಂಡೆ ಹತ್ತಿ ನಿಂತು ಕೂಗಿದಳು: "ಏ ಗಾಳಿ! ಜಿಪುಣ! ನನ್ನ ಮಗನ ಉಸಿರು ಯಾಕೆ ಕಿತ್ಕೊಂಡೆ?"

ಗಾಳಿ ಏದುತ್ತಲೇ ಬಂತು. "ಬಾಯಿಗೆ ಬಂದ ಹಾಗೆ ಬೈಬೇಡ ಕಣೇ. ಬಯಲಲ್ಲಿ ನಾನು ದಪ್ಪ. ಇಷ್ಟೆತ್ತರ ಹತ್ತೋ ಹೊತ್ತಿಗೆ ಸಣಕಲಾಗಿರ್ತೀನಿ. ಇಲ್ಲಿ ನನ್ನ ಹತ್ರ ಇರೋದೇ ಒಂದು ಹಿಡಿ ಉಸಿರು. ನಿನ್ನ ಮಗನ ಮೈ ಎಮ್ಮೆಯಷ್ಟು ಕೇಳ್ತು. ಗುಂಡಿಗೆಯೋ ಹುಣಿಸೆ ಬೀಜದಷ್ಟು. ಬಡ್ಕೊಂಡು ಬಡ್ಕೊಂಡು ಸೋತು ಹೋಯ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಬೆಟ್ಟ ನಿಮ್ಮಂಥೋರಿಗಲ್ಲ, ಇಳಿದು ಹೋಗು."

"ಇಳಿಯಲ್ಲ!" ಕೆಂಚಿ ರೆಕ್ಕೆ ಬಡಿದಳು. "ನನ್ನ ಮಗನ್ನ ಹೂಳೋ ಮಣ್ಣು ಇದು. ನನ್ನ ಚುಕ್ಕಿ ಇಲ್ಲೇ ಬೆಳೀತಾಳೆ. ನಿನ್ನ ಆ ಒಂದು ಹಿಡಿಯಲ್ಲೇ ಬೆಳೀತಾಳೆ, ನೋಡ್ತಿರು!"

ಅಷ್ಟರಲ್ಲಿ ಅಜ್ಜಿ ಕಣ್ಣೊರೆಸಿಕೊಳ್ಳುತ್ತ ಚುಕ್ಕಿಯ ಮುಂದೆ ತಟ್ಟೆ ತುಂಬ ರಾಗಿ ಇಟ್ಟಳು. "ನೀನಾದ್ರೂ ಹೊಟ್ಟೆ ತುಂಬ ತಿನ್ನು ಮಗಳೇ, ನನ್ನಾಣೆ!"

ಚುಕ್ಕಿಯ ಜುಟ್ಟಿನ ತುದಿ ಆಗಲೇ ನೀಲಿಗೆ ತಿರುಗಿತ್ತು.

ಕೆಂಚಿ ಹಾರಿ ಬಂದಳು. ತಟ್ಟೆಯೊಳಗೇ ನಿಂತು ಎರಡೂ ಕಾಲಲ್ಲಿ ಪರಪರ ಕೆದರಿದಳು. ರಾಗಿಯೆಲ್ಲ ಹುಲ್ಲು ಕಲ್ಲುಗಳ ನಡುವೆ ಚೆಲ್ಲಾಪಿಲ್ಲಿಯಾಯಿತು.

"ಅಯ್ಯೋ, ಅನ್ನಕ್ಕೆ ಕಾಲು ತಾಗಿಸ್ತೀಯೇನೇ, ಪಾಪಿ!" ಅಜ್ಜಿ ಕೋಲು ಎತ್ತಿದಳು.

"ಹೊಡಿ ಅಜ್ಜಿ! ನಿನ್ನ ಆಣೆಗೆ ಒಂದು ಮಗುವನ್ನ ಕೊಟ್ಟಾಯ್ತು. ಇನ್ನೊಂದನ್ನ ಕೊಡಲ್ಲ. ಇವಳು ಹುಡುಕಿ ತಿನ್ನಲಿ, ಒಂದೊಂದೇ ಕಾಳು. ನಿಧಾನಕ್ಕೆ ಬೆಳೀಲಿ."

ಅಜ್ಜಿಯ ಕೋಲು ತಾನಾಗಿಯೇ ಕೆಳಗಿಳಿಯಿತು. ಆದರೂ ಅಭ್ಯಾಸ ಬಿಡುತ್ತದೆಯೇ? ಮಾರನೆಯ ದಿನ ಮತ್ತೆ ತಟ್ಟೆ ತುಂಬಿಸಿದಳು. ಕೆಂಚಿ ಮತ್ತೆ ಕೆದರಿದಳು. ಅಜ್ಜಿ ಇಟ್ಟಳು, ಕೆಂಚಿ ಕೆದರಿದಳು. ಕೊನೆಗೆ ಅಜ್ಜಿಯೇ ಸೋತು, ಹಿಡಿ ಕಾಳನ್ನು ದೂರ ದೂರಕ್ಕೆ ಎರಚತೊಡಗಿದಳು. ಚಳಿಗೆ ಮಂಕರಿಯ ಮೇಲೆ ತನ್ನ ಕಂಬಳಿ ಹೊದಿಸಿದಳು.

ಚುಕ್ಕಿ ನಿಧಾನವಾಗಿ ಬೆಳೆದಳು. ಮೈ ಸಣ್ಣದು, ಕಾಲು ಗಟ್ಟಿ, ಜುಟ್ಟು ಕೆಂಡದಂತೆ ಕೆಂಪು. ಒಂದು ದಿನ ಅವಳು ಅವ್ವನ ಬಂಡೆಯನ್ನೇ ಹತ್ತಿ, ಒಂದೇ ಉಸಿರಿಗೆ ಬೆಟ್ಟವೆಲ್ಲ ಕೇಳುವಂತೆ ಕೂಗಿದಳು.

"ಗೆದ್ದೆ ಕಣೇ ಕೆಂಚಿ," ಅಂದಿತು ಗಾಳಿ.

"ಗೆಲ್ಲದೆ ಏನು!" ಅಂದಳು ಕೆಂಚಿ. ಅಂದವಳು ಬೆಳ್ಳನನ್ನು ನೆನೆದು ಅತ್ತಳು.

ಪಾಪ, ಬಯಲಿನ ಬ್ರಾಯ್ಲರ್ ಕೋಳಿಗೆ ಬೇಡ ಅನ್ನುವುದನ್ನು ಯಾರೂ ಕಲಿಸಲಿಲ್ಲ. ಅದಕ್ಕೇ ಎತ್ತರದ ಬೆಟ್ಟಕ್ಕೆ ತಂದು ಗಡದ್ದಾಗಿ ತಿನ್ನಿಸಿದರೆ ಇಂದಿಗೂ ಜುಟ್ಟು ನೀಲಿಯಾಗಿ ಏದುಸಿರು ಬಿಡುತ್ತದೆ. ಕೆಂಚಿಯ ವಂಶದ ನಮ್ಮ ಹಿತ್ತಲ ಕೋಳಿಯನ್ನು ನೋಡು ಮಗೂ: ನೀನು ಎಷ್ಟೇ ಮುದ್ದು ಮಾಡಿ ತಟ್ಟೆ ತುಂಬ ಕಾಳಿಟ್ಟರೂ, ಅದು ಮೊದಲು ಕಾಲಲ್ಲಿ ಪರಪರ ಕೆದರಿ ಚೆಲ್ಲಿಯೇ ಆಮೇಲೆ ಕೊಕ್ಕು ಹಾಕುತ್ತದೆ.