ನಾ ಇನ್ನೂ ಅದೀನಿ

ಒಂದು ಪ್ಯಾಟಿ. ಹೆಸರು ನೀವೇ ಇಟ್ಕೊಳ್ರಿ. ಅಲ್ಲೊಬ್ಬ ಮುದುಕಿ, ಹಂಪವ್ವ. ಕೌದಿ ಹೊಲಿದು ಹೊಟ್ಟೆ ಹೊರೆಯುವಾಕಿ. ಆಕೆಗೊಬ್ಬ ಮಗ, ಭರಮ. ಮೈ ಎತ್ತಿನಂಥದು, ಮನಸ್ಸು ಹಾಲಿನಂಥದು, ದೇವರು ಬುದ್ಧಿ ಹಂಚುವಾಗ ಮಾತ್ರ ಮಲಗಿಬಿಟ್ಟಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಆ ತಾಯಿಯ ಕರ್ಮ.

ಇದ್ದದ್ದು ಒಂದು ಕೋಣೆಯ ಮನೆ. ಅದಕ್ಕೆ ಸತ್ತ ಗಂಡ ಮಾಡಿ ಕೂಡಿಸಿದ ತೇಗದ ಬಾಗಿಲು. ಮನೆ ಕಂದಾಯ ಬಾಕಿ ಬಿತ್ತು. "ಕಟ್ಟದಿದ್ರ ಬಾಗಲಾ ಕಿತ್ಕೊಂಡು ಒಯ್ತೀವಿ" ಅಂದು ಹೋದರು ಕಚೇರಿಯವರು. ಅಷ್ಟರಲ್ಲಿ ಸುದ್ದಿ ಬಂತು, ಸ್ವಂತ ಮನೆಯಲ್ಲಿರುವ ಮುದುಕರಿಗೆ ಅರ್ಧ ಕಂದಾಯ ಮಾಫಿ, ಅರ್ಜಿ ಹಾಕಿದರೆ ಸಾಕು. ಅರ್ಜಿ ತೆಗೆದುಕೊಳ್ಳುವ ಕೋಣೆ ಎಲ್ಲಿ? ಮಹಡಿ ಮೇಲೆ! ಮುದುಕರಿಗೆ ಅಂತಲೇ ಅಷ್ಟೆತ್ತರದಲ್ಲಿ ಇಟ್ಟ ಪುಣ್ಯಾತ್ಮ ಯಾರೋ. ಹಂಪವ್ವನ ಮೊಣಕಾಲು ಹೊಸ್ತಿಲು ದಾಟುವುದಕ್ಕೇ ಅಳುತ್ತಿದ್ದವು.

ಓಣಿಯ ಮಾಸ್ತರರ ಹತ್ತಿರ ಅರ್ಜಿ ಬರೆಸಿ ಮಗನ ಕೈಗೆ ಕೊಟ್ಟಳು. "ಭರಮಾ, ಕಚೇರಿಗೆ ಈ ಅರ್ಜಿ ಒಯ್ಯಿ. ಹಾಕಿ ಬಾ."

ಹೋದ. ಬಂದ.

"ಹಾಕಿದ್ಯಾ?"

"ಹಾಕಿದೆ."

"ಯಾರ ತಗೊಂಡ್ರು?"

"ಆಡು ತಗೊಂತು."

"ಆಡು?"

"ಕಚೇರಿ ಅಂಗಳದಾಗ ಹಾಕಿದೆ. ಆಡು ಬಂದು ತಿಂತು."

ಹಂಪವ್ವ ಹಣೆ ಹಣೆ ಬಡಿದುಕೊಂಡಳು. "ಖೋಡಿ! ಆಡಿಗೆ ಹಾಕೋದಲ್ಲೋ! ಸಾಹೇಬ್ರ ಕಿವೀಗೆ ಹಾಕಬೇಕು!"

"ಹೂಂ ಅವ್ವಾ."

ಮತ್ತೊಂದು ಅರ್ಜಿ. ಹೋದ. ಬಂದ. ಕೆನ್ನೆ ಕೆಂಪಗಾಗಿತ್ತು.

"ಕಿವೀಗೆ ಹಾಕಿದ್ಯಾ?"

"ಹಾಕಿದೆ. ಸುರುಳಿ ಸುತ್ತಿ ಒತ್ತಿ ಒತ್ತಿ ಹಾಕಿದೆ. ಅರ್ಧ ಹೋತು. ಇನ್ನರ್ಧ ಹೋಗೂದ್ರಾಗ ಸಾಹೇಬ್ರು ಕಪಾಳಕ್ಕ ಬಿಟ್ರು."

"ಅಯ್ಯೋ ನನ್ನ ಹಣೇಬರವೇ! ಇನ್ನ ಅವರು ಸುಮ್ಮನ ಮಾಡಿಕೊಡತಾರೇನು? ಕೈ ಬಿಸಿ ಮಾಡಬೇಕು!" ಅಂದು ಒಂದು ಕೌದಿ ಮಾರಿ, ಬಂದ ದುಡ್ಡನ್ನೂ ಹೊಸ ಅರ್ಜಿಯನ್ನೂ ಕೊಟ್ಟಳು. "ಅರ್ಜಿ ಮೇಜಿನ ಮ್ಯಾಲ ಇಡು. ಸಾಹೇಬ್ರ ಕೈ ಚಲೋತ್ನಾಗಿ ಬಿಸಿ ಮಾಡು."

ಹೋದ. ಬಂದ. ಓಡುತ್ತ ಬಂದ.

"ಕೈ ಬಿಸಿ ಆತೇನೋ?"

"ಬಿಸಿ ಏನವ್ವಾ, ಬೊಬ್ಬಿನ ಬಂತು! ದುಡ್ಡು ಕೊಟ್ಟು ಚಾದಂಗಡ್ಯಾಗ ಕೆಂಡ ತಗೊಂಡೆ. ಸಾಹೇಬ್ರ ಕೈ ಫ್ಯಾನಿನ ಕೆಳಗ ತಣ್ಣಗಿತ್ತು, ಪಾಪ. ಹಿಡಿದು ಕೆಂಡದ ಮ್ಯಾಲ ಇಟ್ಟೆ!"

ಹಂಪವ್ವ ಅಲ್ಲೇ ಕುಸಿದಳು. ಕೌದಿಯೂ ಹೋಯಿತು, ಮಾನವೂ ಹೋಯಿತು.

"ಅರ್ಜಿ?"

"ಮೇಜಿನ ಮ್ಯಾಲ ಐತಿ. ಮನೀಗೇ ಬಂದು ಮುದುಕೀನ ನೋಡೇ ಬಿಡ್ತೀನಿ ಅಂದ್ರು."

ಮುದುಕಿಗೆ ತುಸು ಜೀವ ಬಂತು. "ಕೇಳು, ಅವರು ಬಂದಾಗ ನೀ ತುಟಿ ಎರಡು ಮಾಡಬ್ಯಾಡ."

"ಮೊದಲ ಎರಡು ಅದಾವಲ್ಲವ್ವಾ!"

"ಬಾಯಿ ಮುಚ್ಕೊಂಡಿರು! ಏನ ಕೇಳಿದ್ರೂ ಹೂಂ ಅಂತ ಗೋಣು ಹಾಕು, ಅಷ್ಟ!"

ಸಾಹೇಬ ಬಂದ, ಕೈಗೆ ಬಟ್ಟೆ ಸುತ್ತಿಕೊಂಡು. ಹಂಪವ್ವ ಹಿತ್ತಲ ಬಚ್ಚಲಲ್ಲಿ ತಲೆ ಮೇಲೆ ನೀರು ಹಾಕಿಕೊಳ್ಳುತ್ತಿದ್ದಳು, ಏನೂ ಕೇಳಿಸಲಿಲ್ಲ.

"ಇದು ಹಂಪವ್ವನ ಮನಿ ಹೌದಲ್ಲೋ?" ಭರಮ ಗೋಣು ಹಾಕಿದ.

"ಮುದುಕಿ ಎಲ್ಲಿ? ಒಳಗ ಇಲ್ಲೇನು?" ಗೋಣು ಹಾಕಿದ.

"ತೀರಿಕೊಂಡ್ಳೇನು?" ಗೋಣು ಹಾಕಿದ.

"ಸತ್ತವರ ಹೆಸರಿಲೆ ಅರ್ಜಿ ಹಾಕ್ತೀರೇನಲೇ?" ಭರಮ ಇನ್ನೂ ಜೋರಾಗಿ ಗೋಣು ಹಾಕಿದ.

ಸಾಹೇಬ ಬರೆದುಕೊಂಡು ಹೋದ. ಸಂಜೆಗೆ ಊರೆಲ್ಲ ಸುದ್ದಿ. ಹಂಪವ್ವ ತನ್ನ ಸಾವನ್ನು ತಾನೇ ಕೇಳಿದಳು. ಎದೆ ಎದೆ ಬಡಿದುಕೊಂಡು ಅತ್ತಳು.

"ಹೋಗು! ಈ ಸಲ ಬಾಯಿ ಬಿಡು! 'ನಾ ಇನ್ನೂ ಅದೀನಿ, ಸತ್ತಿಲ್ಲ' ಅಂತ ಹೇಳು! ಒಂದಕ್ಷರ ಹೆಚ್ಚೂ ಬ್ಯಾಡ, ಒಂದಕ್ಷರ ಕಡಿಮೀನೂ ಬ್ಯಾಡ!"

ಭರಮ ಮಹಡಿ ಹತ್ತಿದ. ಸಾಹೇಬನ ಮುಂದೆ ನಿಂತ. "ನಾ ಇನ್ನೂ ಅದೀನಿ, ಸತ್ತಿಲ್ಲ!" ಅಂದ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

"ಕಾಣಸ್ತೈತಪ್ಪಾ," ಅಂದ ಸಾಹೇಬ. "ಮುದುಕಿ ಹೋದಳು, ವಾರಸುದಾರ ಅದಾನೋ ಇಲ್ಲೋ ಅಂತ ನೋಡಾಕತ್ತಿದ್ದೆ." ಮನೆ ಭರಮನ ಹೆಸರಿಗೆ ಬಂತು. ಪೂರ್ತಿ ಕಂದಾಯ ಭರಮನ ತಲೆಗೆ ಬಂತು. "ಮಾಫಿ ಬೇಕಂದ್ರ ಮುದುಕ ಆದ ಮ್ಯಾಲ ಬಾ," ಅಂದ.

ಭರಮ ಕುಣಿಯುತ್ತ ಬಂದ. "ಅವ್ವಾ, ಹೇಳಿದೆ! ನಂಬಿದ್ರು!"

ಮರುದಿನ ಬೆಳಿಗ್ಗೆ ಬಾಗಿಲು ಕೀಳಲು ಗಾಡಿ ಬಂತು. ಗಂಡನ ಕೈಯ ಕೆಲಸ ಅದು. ಕೀಲಿನಿಂದ ಕಳಚಿ ಗಾಡಿಗೆ ಹಾಕುವಾಗ ಹಂಪವ್ವ ಕಿರುಚಿದಳು. "ಬಾಗಲಾ ಒಂದ ಯಾಕ? ನನ್ನೂ ಹೊತ್ಕೊಂಡು ಹೋಗ್ರಿ!"

ಭರಮನಿಗೆ ಅಷ್ಟೇ ಸಾಕು. ತಾಯಿಯನ್ನು ಹೆಗಲಿಗೆ ಹಾಕಿಕೊಂಡ. ಗಾಡಿಯ ಹಿಂದೆ ನಡೆದ. ಕಚೇರಿ ಬಂತು. ದಡದಡ ಮೆಟ್ಟಿಲು ಹತ್ತಿ ಸಾಹೇಬನ ಕೋಣೆಯ ಮುಂದೆ ಇಳಿಸಿದ. ಒಂದು ಉಸಿರೂ ಹೆಚ್ಚಾಗಲಿಲ್ಲ ಅವನಿಗೆ.

"ನಾ ಹಂಪವ್ವರೀ! ನಾ ಇನ್ನೂ ಅದೀನಿ!" ಅಂದಳು ಮುದುಕಿ.

ಸಾಹೇಬ ನೋಡಿದ. ಅವನ ಮುಖವೂ ಸಣ್ಣದಾಯಿತು. "ನೀವ ಇದ್ದದ್ದು ಬಾಳ ಚಲೋ ಆತವ್ವಾ. ಆದರ ಮನಿ ಈಗ ನಿಮ್ಮ ಹೆಸರಿಲೆ ಇಲ್ಲಲ್ಲ. ಮಾಫಿ ಯಾವುದಕ್ಕ ಮಾಡ್ಲಿ? ಮೊದಲನೇ ದಿನಾನ ನೀವ ಬಂದಿದ್ರ ಅವತ್ತ ಆಗಿ ಹೋಗತಿತ್ತು."

ಹಂಪವ್ವ ಮಗನ ಕಡೆ ತಿರುಗಿದಳು. ಬೈಯಲೂ ತ್ರಾಣವಿರಲಿಲ್ಲ. "ಇಷ್ಟು ಸಲೀಸಾಗಿ ಹೊತ್ತು ತಂದ್ಯಲ್ಲೋ ಮಗನ. ಅವತ್ತ ಯಾಕ ತರಲಿಲ್ಲ?"

"ಅವತ್ತ ನೀ ಅರ್ಜಿ ಒಯ್ಯಿ ಅಂದಿ," ಅಂದ ಭರಮ. "ನನ್ನ ಒಯ್ಯಿ ಅನ್ನಲಿಲ್ಲಲ್ಲವ್ವಾ."

ಮುದುಕಿ ಮೆಟ್ಟಿಲ ತುದಿಯಲ್ಲಿ ಕೂತು ಸೆರಗು ಮುಖಕ್ಕೆ ಹಿಡಿದು ಅತ್ತಳು. "ನನ್ನ ಇಲ್ಲೇ ಬಿಟ್ಟು ಹೋಗೋ! ನಿನ್ನ ಮಾರಿ ತೋರಸಬ್ಯಾಡ, ಹೋಗು!"

"ಹೂಂ ಅವ್ವಾ," ಅಂದ ಭರಮ. ಇಳಿದ. ಬಾಗಿಲಿಲ್ಲದ ಮನೆಗೆ ಹೋಗಿ ಮಲಗಿದ.

ನಾನು ಕತೆ ಮುಗಿಸಿ ಕೆಳಗಿಳಿದೆ, ಆಕೆ ಇನ್ನೂ ಮಹಡಿ ಮೇಲೇ ಇದ್ದಾಳೆ. ಆ ಕಡೆ ಹೋದರೆ ಕೈ ಹಿಡಿದು ಇಳಿಸಿಕೊಂಡು ಬರ್ರಿ.