ಯೇಸುಸ್ವಾಮಿಯನ್ನು ಹೊತ್ತ ಚೌರಪ್ಪ

ಯಾವ ಕಾಲದ್ದು ಅಂತ ಮಾತ್ರ ಕೇಳಬೇಡಿ. ಅಜ್ಜಿಯರ ಅಜ್ಜಿಯರೂ ಇದನ್ನು ಕೇಳಿದವರೇ ಹೊರತು ಕಂಡವರಲ್ಲ. ಹೊಳೆಯ ಆಚೆ, ಬೋಳು ಗುಡ್ಡಗಳ ನಡುವೆ ಶಿಲುಬೆಪಾಳ್ಯ ಅಂತ ಒಂದು ಊರು. ಆ ಊರಲ್ಲಿ ಚೌರಪ್ಪ ಅಂತ ಒಬ್ಬ ಇದ್ದನಂತೆ.

ಚೌರಪ್ಪ ಗಾಣದ ಕೆಲಸದವನು. ಎತ್ತು ಸೋತರೆ ನೊಗಕ್ಕೆ ತಾನೇ ಹೆಗಲು ಕೊಡುತ್ತಿದ್ದನಂತೆ, ಅಂಥ ಮೈಕಟ್ಟು. ಗಂಟಲು ಅದಕ್ಕಿಂತ ದೊಡ್ಡದು. ಅವನು ದೇವಾಲಯದಲ್ಲಿ ಹಾಡಿದರೆ ಹೊಳೆಯ ಈಚೆ ದನ ಮೇಯಿಸುವವರು ಟೋಪಿ ತೆಗೆಯುತ್ತಿದ್ದರು ಅಂತಾರೆ.

ಆ ಊರಲ್ಲಿ ವರ್ಷಕ್ಕೊಮ್ಮೆ, ಶುಭ ಶುಕ್ರವಾರದ ದಿನ, ಯೇಸುಸ್ವಾಮಿಯ ಪಾಡುಗಳನ್ನು ಆಡಿ ತೋರಿಸುತ್ತಿದ್ದರು. ಅದಕ್ಕೆ ಮಹಿಮೆ ಅಂತ ಹೆಸರು. ದೇವಾಲಯದ ಬಾಗಿಲಿಂದ ಗುಡ್ಡದ ನೆತ್ತಿವರೆಗೆ ಯೇಸುಸ್ವಾಮಿಯ ಪಾತ್ರದವನು ಶಿಲುಬೆ ಹೊತ್ತು ನಡೆಯಬೇಕು. ಚೌರಪ್ಪನಿಗೆ ಆ ಪಾತ್ರ ಬೇಕಿತ್ತು. ಬುದ್ಧಿ ಬಂದಾಗಿನಿಂದ ಬೇಕಿತ್ತು. ಹೊಲ ಬೇಡ, ಮನೆ ಬೇಡ, ಜೀವಮಾನದಲ್ಲಿ ಒಂದು ಸಲ ಆ ಶಿಲುಬೆ ತನ್ನ ಹೆಗಲಿಗೆ ಬರಲಿ ಅಂತ ಪ್ರಾರ್ಥಿಸುತ್ತಿದ್ದ.

ಪಾತ್ರ ಬಂತು. ಉಪದೇಶಿ ದೇವಸಗಾಯಪ್ಪನವರು, ಮಹಿಮೆ ಕಲಿಸುತ್ತಿದ್ದವರು, ಈ ಸಲ ನೀನೇ ಅಂದರು. ಶುಭ ಶುಕ್ರವಾರಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲವೆಲ್ಲ ಉಪವಾಸ ಮಾಡಿದ, ಗಡ್ಡ ಬಿಟ್ಟ, ಮಾತೆಲ್ಲ ಬಾಯಿಪಾಠ ಮಾಡಿದ. ಇನ್ನೇನು ಗರಿಗಳ ಭಾನುವಾರ, ಅದಾಗಿ ಐದೇ ದಿನಕ್ಕೆ ಮಹಿಮೆ ಅನ್ನುವಾಗ ನೆರೆಮನೆಯ ಕರು ಬಾವಿಗೆ ಬಿತ್ತು. ಎತ್ತಲು ಇಳಿದವನು ಹೆಗಲೆಲುಬು ಮುರಿದುಕೊಂಡು ಮೇಲೆ ಬಂದ. ಶಿಲುಬೆ ಬೇರೆಯವನ ಹೆಗಲಿಗೆ ಹೋಯಿತು.

ಕೆಲವು ವರ್ಷ ಕಳೆದು ಮತ್ತೆ ಬಂತು. ಆ ತಪಸ್ಸುಕಾಲದಲ್ಲೇ ಅವನ ತಾಯಿ ತೀರಿಹೋದಳು. ಸಾವಿನ ಮನೆಯವನು ಬಣ್ಣ ಹಚ್ಚುವಂತಿಲ್ಲ. ಹೋಯಿತು. ಇನ್ನೊಮ್ಮೆ ಬಂತು. ಆ ಸಲ ಊರಿಗೇ ಪ್ಲೇಗು. ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಮಹಿಮೆಯೇ ನಡೆಯಲಿಲ್ಲ.

ಅಲ್ಲಿಂದ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ ಅಂತಾರೆ. ತಪಸ್ಸುಕಾಲ ಬಂತೆಂದರೆ ಊಟದ ನಡುವೆ ಎದ್ದು ಹೋಗುತ್ತಿದ್ದ. ಹೊಳೆದಂಡೆಯಲ್ಲಿ ಅತ್ತಿಂದಿತ್ತ, ಇತ್ತಿಂದತ್ತ ನಡೆಯುತ್ತಿದ್ದ. ಆಗಲಿ ಸ್ವಾಮಿ, ನಿನ್ನ ಚಿತ್ತ, ಆದರೆ ಯಾಕೆ ಅಂತ ಒಂದು ಮಾತು ಹೇಳಿಬಿಡು ಅಂತ ಕೇಳುತ್ತಿದ್ದ. ಉತ್ತರ ಬರುತ್ತಿರಲಿಲ್ಲ. ಮಾರನೆಯ ದಿನ ಮತ್ತೆ ಹೋಗಿ ಕೇಳುತ್ತಿದ್ದ.

ಹೆಂಡತಿ ಅರುಳಮ್ಮ ರೋಸಿಹೋಗಿ, "ಕೊಡೋ ಮನಸ್ಸಿಲ್ಲ ಅವನಿಗೆ. ಬಿಟ್ಟುಬಿಡಬಾರದಾ?" ಅಂದಳಂತೆ.

"ಪಾತ್ರ ಬಿಡಬಹುದು ಅರುಳಮ್ಮ, ಕೇಳೋದು ಬಿಡಕ್ಕಾಗಲ್ಲ. ಅವನನ್ನು ಬಿಟ್ಟು ಇನ್ಯಾರನ್ನ ಕೇಳಲಿ?"

ಗಡ್ಡ ನರೆಯಿತು. ಒಂದು ವರ್ಷ ಅವನೇ ನಾಚಿಕೆ ಬಿಟ್ಟು ಹೋಗಿ ಪಾತ್ರ ಕೇಳಿದ. ಉಪದೇಶಿಗಳು ತಲೆ ತಗ್ಗಿಸಿ, "ಯೇಸುಸ್ವಾಮಿಗೆ ಮುಪ್ಪು ಬರಲೇ ಇಲ್ಲವಲ್ಲ ಚೌರಪ್ಪ" ಅಂದರು. ಅವನ ಕೈಗೆ ಚಾಟಿ ಕೊಟ್ಟರು. ಯೇಸುಸ್ವಾಮಿಗೆ ಹೊಡೆಯುವ ಸೈನಿಕನ ವೇಷ, ಒಂದು ಮಾತೂ ಇಲ್ಲ. ಅದು ಸಾಲದು ಅಂತ, ಹೊಸದಾಗಿ ಯೇಸುಸ್ವಾಮಿಯಾದ ಇನ್ನಾಸಿ ಅನ್ನುವ ಹುಡುಗಪ್ರಾಯದವನಿಗೆ ಮಾತು ಕಲಿಸುವ ಕೆಲಸವೂ ಇವನಿಗೇ ಬಂತು. ಊರಲ್ಲಿ ಅಷ್ಟೂ ಮಾತು ಬಾಯಲ್ಲಿದ್ದವನು ಇವನೊಬ್ಬನೇ. ಒಂದೊಂದು ಮಾತು ಹೇಳಿಕೊಡುವಾಗಲೂ ಹೊಟ್ಟೆಯಿಂದ ಏನೋ ಕಿತ್ತು ಕೊಟ್ಟಂತೆ ಆಗುತ್ತಿತ್ತು. ಆದರೂ ಒಂದನ್ನೂ ಮುಚ್ಚಿಡಲಿಲ್ಲ.

ಶುಭ ಶುಕ್ರವಾರ ಬಂತು. ಸುಡುವ ಬಿಸಿಲು. ಇನ್ನಾಸಿ ಶಿಲುಬೆ ಹೊತ್ತು ನಡೆದ, ಚೌರಪ್ಪ ಹಿಂದೆ ಚಾಟಿ ಹಿಡಿದು ನಡೆದ. ಯೇಸುಸ್ವಾಮಿ ಎರಡನೆಯ ಸಲ ಬೀಳುವ ಜಾಗದಲ್ಲಿ, ದಾರಿಬದಿಯ ಪೊದೆ ಹತ್ತಿರ, ಇನ್ನಾಸಿ ಬಿದ್ದ. ಬಿದ್ದು ಕೂಗಿದ. ಎಂಥ ಅಭಿನಯ ಅಂತ ಹೆಂಗಸರು ಕಣ್ಣೀರು ಒರೆಸಿಕೊಂಡರು. ಚೌರಪ್ಪ ಮಾತ್ರ ಚಾಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿರ ಓಡಿದ. ಆ ಕೂಗು ತಾನು ಕಲಿಸಿದ್ದಲ್ಲ! ಬಗ್ಗಿ ನೋಡಿದರೆ ಪೊದೆಯೊಳಗೆ ಹಾವಿನ ಬಾಲ ಸರಿದುಹೋಗುತ್ತಿತ್ತು.

ಪಂಚೆ ಹರಿದು ಕಾಲಿಗೆ ಕಟ್ಟಿದರು. ಹಾವಿನ ಮದ್ದು ಕೊಡುವವನು ಇದ್ದದ್ದು ಗುಡ್ಡದಾಚೆಯ ಊರಲ್ಲಿ, ಗಾಡಿ ಹೋಗದ ದಾರಿ. ಯಾರು ಹೊರಬೇಕು, ಹೇಗೆ ಹೊರಬೇಕು ಅಂತ ಗದ್ದಲ ಎದ್ದಿತು. ಉಪದೇಶಿಗಳು ಚೌರಪ್ಪನ ತೋಳು ಹಿಡಿದರು.

"ಊರೇ ಹೊತ್ತ ಹರಕೆಯ ಮಹಿಮೆ ಇದು, ಅರ್ಧಕ್ಕೆ ನಿಲ್ಲಬಾರದು. ಮಾತೆಲ್ಲ ಬರೋದು ನಿನಗೊಬ್ಬನಿಗೇ. ಮುಪ್ಪಾದರೆ ಆಗಲಿ, ನೀನೇ ಹೊರು" ಅಂದು, ಇನ್ನಾಸಿಯ ತಲೆಯ ಮೇಲಿನ ಮುಳ್ಳಿನ ಕಿರೀಟಕ್ಕೆ ಕೈ ಹಾಕಿದರು.

ಜನರೆಲ್ಲ ಚೌರಪ್ಪನನ್ನೇ ನೋಡಿದರು. ಶಿಲುಬೆ ಅವನ ಕಾಲ ಬಳಿ ಬಿದ್ದಿತ್ತು. ಒಂದು ನಮೋ ಮರಿಯ ಪ್ರಾರ್ಥನೆ ಹೇಳುವಷ್ಟು ಹೊತ್ತು ಅವನು ಅದನ್ನೇ ನೋಡುತ್ತಾ ನಿಂತಿದ್ದ ಅಂತಾರೆ. ಆಗ ಇನ್ನಾಸಿ ಅವನ ಅಂಗಿಯ ಅಂಚು ಹಿಡಿದ. "ಮಾವ, ಬಿಟ್ಟು ಹೋಗಬೇಡ."

ಚೌರಪ್ಪ ಉಪದೇಶಿಗಳ ಕೈ ಸರಿಸಿದ. "ಕಿರೀಟ ಅವನ ತಲೆ ಮೇಲೇ ಇರಲಿ" ಅಂದವನೇ ಇನ್ನಾಸಿಯನ್ನು ಬೆನ್ನಿಗೆ ಹಾಕಿಕೊಂಡು ಗುಡ್ಡ ಹತ್ತಿದ.

ಆ ದಾರಿಯಲ್ಲಿ ಇನ್ನಾಸಿ ಕಣ್ಣು ಮುಚ್ಚಲು ಹೋದಾಗಲೆಲ್ಲ ಚೌರಪ್ಪ ಮಾತು ಒಪ್ಪಿಸು ಅಂತ ಗದರುತ್ತಿದ್ದ. ಅವನು ತೊದಲಿದರೆ ತಾನೇ ಹೇಳುತ್ತಿದ್ದ. ಹಾಗೆ ಹೇಳುತ್ತಾ ಹೇಳುತ್ತಾ ಪಾತ್ರದ ಮಾತೆಲ್ಲ ಅವನ ಬಾಯಿಂದಲೇ ಬಂತು. ಶಿಲುಬೆಯ ಮೇಲಿಂದ ಯೇಸುಸ್ವಾಮಿ ತಂದೆಯಾದ ದೇವರನ್ನು, ಯಾಕೆ ನನ್ನ ಕೈಬಿಟ್ಟೆ ಅಂತ ಕೇಳುವ ಮಾತೂ ಬಂತು. ಹೊಳೆದಂಡೆಯಲ್ಲಿ ತಾನು ಇಷ್ಟು ವರ್ಷ ಕೇಳಿದ್ದೂ ಇದನ್ನೇ. ಸ್ವಾಮಿಯೂ ಕೇಳಿದ್ದ, ಸ್ವಾಮಿಗೂ ಆ ಗಳಿಗೆಯಲ್ಲಿ ಯಾರೂ ಉತ್ತರ ಕೊಟ್ಟಿರಲಿಲ್ಲ. ಚೌರಪ್ಪ ಅಳುತ್ತಾ ನಡೆದ. ನಿಲ್ಲಲಿಲ್ಲ.

ಗುಡ್ಡದ ಕುರುಬರಿಗೆ ಮಹಿಮೆಯ ಸುದ್ದಿ ಗೊತ್ತಿರಲಿಲ್ಲ. ಚಾಟಿ ಸಿಕ್ಕಿಸಿಕೊಂಡ ಸೈನಿಕ ಮುಳ್ಳಿನ ಕಿರೀಟದ ದೇವರನ್ನು ಬೆನ್ನ ಮೇಲೆ ಹೊತ್ತು ಓಡುತ್ತಿರುವುದನ್ನು ಅವರು ಕಂಡರು. ಹೊಡೆದವನೇ ಹೊತ್ತುಕೊಂಡು ಹೋಗುತ್ತಿದ್ದಾನೆ ಅಂತ ಕೈಮುಗಿದು, ಇಬ್ಬರಿಗೂ ನೀರು ಕೊಟ್ಟರಂತೆ.

ಇನ್ನಾಸಿ ಬದುಕಿದ. ಯೇಸುಸ್ವಾಮಿ ಸಾವಿನಿಂದ ಎದ್ದ ಪಾಸ್ಕ ಹಬ್ಬದ ದಿನ ದೇವಾಲಯದ ಗುರುಸ್ವಾಮಿಗಳು, ಇದಕ್ಕೇ ದೇವರು ನಿನ್ನನ್ನು ಕಾಯಿಸಿದ್ದು ಅಂದಾಗ ಚೌರಪ್ಪ ಒಪ್ಪಲಿಲ್ಲ. "ಅದು ನಂಗೊತ್ತಿಲ್ಲ ಸ್ವಾಮಿ. ಅವನಿನ್ನೂ ಹೇಳಿಲ್ಲ. ಆದರೆ ಆ ಗುಡ್ಡ ನಾನೊಬ್ಬನೇ ಹತ್ತಲಿಲ್ಲ, ಅದು ಗೊತ್ತು" ಅಂದ. ಮುಂದಿನ ತಪಸ್ಸುಕಾಲದಲ್ಲೂ ಅವನು ಹೊಳೆದಂಡೆಯಲ್ಲಿ ನಡೆಯುತ್ತಲೇ ಇದ್ದ. ಸಾಯುವವರೆಗೂ ನಡೆದ.

ಈಗಲೂ ಶಿಲುಬೆಪಾಳ್ಯದ ಮಹಿಮೆ ಎರಡನೆಯ ಬೀಳುವಿಕೆಯ ಜಾಗಕ್ಕೆ ಬಂದು ನಿಲ್ಲುತ್ತದೆ. ಶಿಲುಬೆಯನ್ನು ನೆಲಕ್ಕಿಡುತ್ತಾರೆ. ಊರಲ್ಲಿ ಎಂದೂ ಪಾತ್ರ ಸಿಗದ ಒಬ್ಬ ಮುದುಕ ಗುಂಪಿನಿಂದ ಮುಂದೆ ಬಂದು ಯೇಸುಸ್ವಾಮಿಗೆ ಬೆನ್ನು ಕೊಡುತ್ತಾನೆ, ಹೊತ್ತು ಹತ್ತು ಹೆಜ್ಜೆ ನಡೆಯುತ್ತಾನೆ. ಗುಡ್ಡದ ಕುರುಬರು ಇಬ್ಬರಿಗೂ ನೀರು ಕೊಡುತ್ತಾರೆ. ಆಮೇಲೆ ಮಹಿಮೆ ಮುಂದುವರಿಯುತ್ತದೆ.