ತಿರುವಿನ ಒರಳು

"ಗುರುಗಳೇ, ಒಳ್ಳೆಯ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಒಪ್ಪಿದ ಮೇಲೂ ಯಾರೂ ಮಾಡುವುದಿಲ್ಲ. ಅಂಥ ಕಡೆ, ಹೇಳಿದವನು ಇನ್ನೇನು ಮಾಡಬೇಕು?"

ಕೇಳಿದವನು ಚನ್ನವೀರ. ತನ್ನ ಊರಿನ ಪುರಸಭೆಯ ಸದಸ್ಯ. ಮಠಕ್ಕೆ ಆಗಾಗ ಬಂದು ಹೋಗುವ ಶಿಷ್ಯ. ಆ ದಿನ ಮಾತ್ರ ವಾಪಸ್ ಹೋಗುವ ಮನಸ್ಸು ಅವನಿಗೆ ಇರಲಿಲ್ಲ. ಬಟ್ಟೆಯ ಚೀಲ ತಂದಿದ್ದ.

"ಏನಾಯಿತು?" ಎಂದರು ಗುರುಗಳು.

"ನಮ್ಮಲ್ಲಿ ಆಸ್ಪತ್ರೆ ರಸ್ತೆ ಅಂತ ಒಂದಿದೆ. ನನ್ನ ಮನೆಯೂ ಅಲ್ಲೇ. ಎರಡೂ ಬದಿ ಗಾಡಿ ನಿಂತು ಆಂಬುಲೆನ್ಸ್ ಒಳಗೆ ಬರುವುದಿಲ್ಲ. ಒಂದು ಬದಿ ಖಾಲಿ ಬಿಡೋಣ ಎಂದು ಸಭೆಯಲ್ಲಿ ನಾನೇ ಹೇಳಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ಬೋರ್ಡು ನೆಟ್ಟೆವು. ಈಗ ಆ ಬೋರ್ಡಿಗೇ ಬೈಕು ಒರಗಿಸಿ ಹೋಗುತ್ತಾರೆ. ನನಗೆ ಸಾಕಾಗಿದೆ. ರಾಜೀನಾಮೆ ಕೊಟ್ಟು ಇಲ್ಲೇ ಇದ್ದುಬಿಡುತ್ತೇನೆ."

ಗುರುಗಳು ಅವನ ಚೀಲದ ಕಡೆ ನೋಡಿದರು.

"ಇದ್ದರಾಯಿತು. ಮೊದಲು ಇದನ್ನು ಕೇಳು" ಎಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಇಕ್ಕಟ್ಟಾದ ಒಂದು ಬೀದಿ ಇತ್ತು. ಬೀದಿಯ ಕೊನೆಗೆ ತಿರುವು. ತಿರುವಿನಲ್ಲಿ ದೊಡ್ಡ ರಸ್ತೆ. ಅದನ್ನು ದಾಟಿದರೆ ಶಾಲೆ. ಆ ಬೀದಿಗೆ ಮನೆಗೊಂದು ಗಾಡಿ ಬಂದಿತ್ತು, ಗಾಡಿಗೊಂದು ಜಾಗ ಬಂದಿರಲಿಲ್ಲ. ಅಷ್ಟರಲ್ಲಿ ಮನೆಮನೆಗೆ ಮಿಕ್ಸರೂ ಬಂದಿತ್ತು. ಒರಳುಕಲ್ಲಿಗೆ ಒಳಗೆ ಕೆಲಸ ಇರಲಿಲ್ಲ. ಅದಕ್ಕೆ ಹೊರಗೆ ಕೆಲಸ ಸಿಕ್ಕಿತು. ಗಾಡಿ ಹೊರಗೆ ಹೋದಾಗ ಒರಳನ್ನು ಆ ಜಾಗದ ನಡುವೆ ಉರುಳಿಸುವುದು, ಗಾಡಿ ಬಂದಾಗ ಗೋಡೆಗೆ ಸರಿಸುವುದು. ಒರಳು ಇದ್ದ ಜಾಗ ಆ ಮನೆಯದು. ಒಂದು ಮನೆಯ ಒರಳನ್ನು ಇನ್ನೊಂದು ಮನೆಯವರು ಮುಟ್ಟುವಂತಿಲ್ಲ. ಮುಟ್ಟಿದರೆ ಆ ಮನೆಯ ಅನ್ನಕ್ಕೆ ಕೈ ಹಾಕಿದಂತೆ ಎಂದು ಬೀದಿಯವರ ನಂಬಿಕೆ. ಜಗಳಾಡಿ ಮಾತು ಬಿಟ್ಟವರು ಕೂಡ ಒರಳಿನ ತಂಟೆಗೆ ಹೋಗುತ್ತಿರಲಿಲ್ಲ.

ಚನ್ನವೀರ ನಕ್ಕ. "ನಮ್ಮ ರಸ್ತೆಯಲ್ಲೂ ಒರಳೇ ಗುರುಗಳೇ. ನಮ್ಮ ಮನೆಯದು ಅಜ್ಜಿಯ ಕಾಲದ್ದು. ಅಲುಗಿಸಬೇಕಾದರೆ ಇಬ್ಬರು ಬೇಕು."

ಗುರುಗಳು ತಲೆಯಾಡಿಸಿ ಮುಂದುವರಿಸಿದರು.

ತಿರುವಿನ ಮನೆ ಒಬ್ಬ ವ್ಯಾಪಾರಿಯದು. ಅವನ ಕಾರು ಸರಿಯಾಗಿ ತಿರುವಿನಲ್ಲೇ ನಿಲ್ಲುತ್ತಿತ್ತು. ಪಕ್ಕದ ಮನೆಯಲ್ಲಿ ಒಬ್ಬ ಹೆಂಗಸು ಖಾನಾವಳಿ ನಡೆಸುತ್ತಿದ್ದಳು. ಊಟದ ಡಬ್ಬಿಗಳನ್ನು ಒಯ್ಯುವ ಮೂರು ಗಾಲಿಯ ಟಂಟಂ ಅವಳ ಬಾಗಿಲ ಮುಂದೆ ನಿಲ್ಲುತ್ತಿತ್ತು. ಅದು ಹೊರಗೆ ಹೋದಾಗ ಊಟಕ್ಕೆ ಬಂದವರ ಬೈಕುಗಳು ಅಲ್ಲಿ ನಿಲ್ಲುತ್ತಿದ್ದವು.

ಒಂದು ಬೆಳಿಗ್ಗೆ ಖಾನಾವಳಿಯಾಕೆಯ ಮಗಳು ಶಾಲೆಗೆ ಹೊರಟಳು. ರಸ್ತೆ ಕಾಣಬೇಕಾದರೆ ವ್ಯಾಪಾರಿಯ ಕಾರು ದಾಟಿ ಮುಂದೆ ಬರಬೇಕು. ಬಂದಳು. ಹಾಲಿನ ವ್ಯಾನು ಹೊಡೆಯಿತು. ವ್ಯಾನಿನವನು ಜೋರಾಗಿ ಬಂದಿರಲಿಲ್ಲ. ಹುಡುಗಿ ಓಡಿರಲಿಲ್ಲ. ಇಬ್ಬರ ನಡುವೆ ಕಾರು ನಿಂತಿತ್ತು, ಅಷ್ಟೇ. ಹುಡುಗಿಯನ್ನು ಎತ್ತಿ ಅದೇ ಕಾರಿನಲ್ಲಿ ದವಾಖಾನೆಗೆ ಒಯ್ದವನೂ ವ್ಯಾಪಾರಿಯೇ. ತಿರುಗಿ ಬಂದು ಕಾರನ್ನು ಅದೇ ಜಾಗದಲ್ಲಿ ನಿಲ್ಲಿಸಿದವನೂ ಅವನೇ.

ಕಾಲಿನ ಎಲುಬು ಕೂಡಿತು. ಹೆದರಿಕೆ ಹೋಗಲಿಲ್ಲ. ಹುಡುಗಿ ದಿನಾ ಚೀಲ ಹಾಕಿಕೊಂಡು ತಿರುವಿನ ತನಕ ಹೋಗುವಳು, ನಿಲ್ಲುವಳು, ಮನೆಗೆ ತಿರುಗುವಳು. ತಾಯಿ ಒಲೆ ಬಿಟ್ಟು ಬಂದು ಕೈ ಹಿಡಿದಳು.

"ಬಾ, ನಾ ದಾಟಸ್ತೀನಿ."

"ಬ್ಯಾಡ. ನಿನಗೂ ಕಾಣೂದಿಲ್ಲ ಅವ್ವ."

ತಾಯಿ ಕಾರಿನ ಹಿಂದೆ ನಿಂತು ನೋಡಿದಳು. ಕಾಣಲಿಲ್ಲ.

ಪುರಸಭೆಯವರು ಬಂದರು. ಇಲ್ಲಿ ವಾಹನ ನಿಲ್ಲಿಸಬಾರದು ಎಂದು ಬೋರ್ಡು ಹಾಕಿದರು. ತಿರುವಿನ ಉದ್ದಕ್ಕೂ ಹಳದಿ ಗೆರೆ ಎಳೆದರು. ವ್ಯಾಪಾರಿ ಅಂಗಡಿಗೆ ಹೋಗಿದ್ದ. ಕಾರಿನ ಜಾಗದಲ್ಲಿ ಅವನ ಒರಳು ಕೂತಿತ್ತು. ಬಣ್ಣ ಬಳಿಯುವವರೂ ಅದೇ ಊರಿನವರು. ಒರಳನ್ನು ಮುಟ್ಟಲಿಲ್ಲ. ಗೆರೆಯನ್ನೇ ಒರಳಿನ ಸುತ್ತ ಬಳಸಿ ಎಳೆದು ಹೋದರು. ಸಂಜೆ ಕಾರು ಬಂತು. ಗೆರೆ ಬಳಸಿದ ಜಾಗದಲ್ಲಿ ಅಚ್ಚುಕಟ್ಟಾಗಿ ನಿಂತಿತು.

ಆಮೇಲೆ ಸಭೆ ಕರೆದರು. ಬೀದಿಯವರೆಲ್ಲ ಹೋದರು. ಅಧ್ಯಕ್ಷೆ ಹೇಳಿದಳು: "ಮನಿಗೊಂದು ಜಾಗ ಗುರ್ತು ಮಾಡಿ ಕೊಡ್ತೀವಿ. ತಿರುವು ಮಾತ್ರ ಖಾಲಿ ಇರಬೇಕು. ಒಪ್ಪಿಗೇನು?"

ಎಲ್ಲರೂ ಕೈ ಎತ್ತಿದರು. ವ್ಯಾಪಾರಿಯೂ ಎತ್ತಿದ. ಆಮೇಲೆ ಎದ್ದು ನಿಂತ.

"ನಮ್ಮ ತಾಯಿಗೆ ನಡೀಲಿಕ್ಕೆ ಬರೂದಿಲ್ಲ. ಮ್ಯಾಲಿಂದ ಮ್ಯಾಲ ದವಾಖಾನಿಗೆ ಒಯ್ಯಬೇಕು. ತಿರುವು ಬಿಡ್ತೀನಿ. ಅದು ಬಿಟ್ರ ನಮ್ಮ ಮನಿ ಮುಂದ ಬ್ಯಾರೆ ಜಾಗ ಇಲ್ಲ. ಕಾರು ಎಲ್ಲಿ ನಿಲ್ಲಸಲಿ? ಅದೊಂದು ಹೇಳ್ರಿ."

ಮಾತು ನ್ಯಾಯವಾಗಿತ್ತು. ಹತ್ತಿರದ ಮನೆಯವರು ಯಾರಾದರೂ ತಮ್ಮ ಜಾಗ ಬಿಟ್ಟುಕೊಡಬೇಕು ಎಂದು ಸಭೆ ಒಪ್ಪಿತು. ಯಾರು ಎಂಬಲ್ಲಿ ಸಭೆ ನಿಂತಿತು.

"ಎದುರುಮನಿಯವರು ಬಿಡಲಿ" ಎಂದ ಒಬ್ಬ.

ಎದುರುಮನೆಯವನು ಒಬ್ಬ ರೈತ. "ನಮ್ಮ ಅಳಿಯ ಬಂದ್ರ ಅವನ ಕಾರು ತಲಿ ಮ್ಯಾಲೆ ಇಟ್ಕೊಳ್ಲೇನು?" ಎಂದ.

"ನಿಮ್ಮ ಅಳಿಯ ಪಂಚಮಿಗೆ ಬಂದು ಹೋದ್ರ ಮತ್ತ ಪಂಚಮಿಗೇ ಬರೂದು."

"ಜಾಗ ಇಲ್ಲಂದ್ರ ಆ ಪಂಚಮಿಗೂ ಬರೂದಿಲ್ಲ."

ಜನ ನಕ್ಕರು. ವಿಷಯ ಮುಂದಿನ ಸಭೆಗೆ ಹೋಯಿತು. ಮುಂದಿನ ಸಭೆಯಲ್ಲೂ ಎಲ್ಲರೂ ಕೈ ಎತ್ತಿದರು, ಎಲ್ಲರೂ ಪಕ್ಕದವರ ಮುಖ ನೋಡಿದರು. ಖಾನಾವಳಿಯಾಕೆಯೂ ಕೈ ಎತ್ತಿದ್ದಳು. ಅವಳೂ ಪಕ್ಕದವರ ಮುಖ ನೋಡಿದ್ದಳು.

ಮನೆಗೆ ಬಂದಾಗ ಮಗಳು ಕೇಳಿದಳು, "ಯಾರು ಬಿಟ್ರು ಅವ್ವ, ಜಾಗಾ?"

"ಯಾರೂ ಬಿಡಲಿಲ್ಲ."

"ನೀನು?"

ತಾಯಿ ಹಿಟ್ಟು ನಾದಲು ಕೂತಳು. ನಾದಿ ಮುಗಿಸಿ, ಕೈ ತೊಳೆದು, ವ್ಯಾಪಾರಿಯ ಮನೆಗೆ ಹೋದಳು.

"ಯಜಮಾನ್ರ, ನಾಳಿಂದ ನಿಮ್ಮ ಕಾರು ನಮ್ಮ ಬಾಗಲ ಮುಂದ ನಿಲ್ಲಲಿ. ನಿಮ್ಮ ತಾಯಿಗೆ ಎರಡು ಹೆಜ್ಜಿ ದೂರ ಆಕ್ಕೈತಿ. ಎತ್ಕೊಂಡು ಬರ್ರಿ."

ವ್ಯಾಪಾರಿ ಬೇಗ ನಂಬಲಿಲ್ಲ. "ನಿನ್ನ ಟಂಟಂ?"

"ಕೆರಿ ದಂಡಿ ಮ್ಯಾಲೆ ನಿಲ್ಲತೈತಿ."

"ಊಟಕ್ಕ ಬರೋರು?"

"ಹಸಿದೋರು ನಡಕೊಂಡು ಬರ್ತಾರ. ಹಸಿವಿಲ್ಲದೋರು ಬ್ಯಾರೆ ಕಡೆ ಹೋಗ್ತಾರ."

"ಈಗ ಕೊಟ್ಟು, ನಾಳೆ ಮತ್ತ ನಿನ್ನ ಒರಳು ತಂದು ಇಟ್ಟರ? ನಾ ಎರಡೂ ಕಡೆ ಕೆಡ್ತೀನಿ."

ಅವಳು ಎದ್ದು ಬಂದಳು. ಟಂಟಂ ಹೊಡೆಯುವವನು ಅವಳ ತಮ್ಮ. ಅವನಿಗೆ ವಿಷಯ ಹೇಳಿದಾಗ ಅವನು ತಲೆಗೆ ಕೈ ಹಚ್ಚಿ ಕೂತ.

"ಡಬ್ಬಿ ಬುಟ್ಟಿ ಹೊತ್ಕೊಂಡು ದಿನಾ ಕೆರಿ ತನಕಾ ಯಾರು ಹೋಗಬೇಕು ಅಕ್ಕಾ?"

"ಒಂದು ಬುಟ್ಟಿ ನೀನು. ಒಂದು ಬುಟ್ಟಿ ನಾನು."

ಮರುದಿನ ಬೆಳಿಗ್ಗೆ ಬೀದಿಯೆಲ್ಲ ಎದ್ದು ಓಡಾಡುವ ಹೊತ್ತಿಗೆ ಅವಳು ಹಾರೆ ತಂದಳು. ಬಾಗಿಲ ಮುಂದಿನ ತನ್ನ ಒರಳಿನ ಬುಡಕ್ಕೆ ಕೊಟ್ಟು ಮೀಟಿದಳು. ಒರಳು ಭಾರ ಇತ್ತು. ಸೆರಗು ಸೊಂಟಕ್ಕೆ ಕಟ್ಟಿಕೊಂಡು ಉರುಳಿಸಿದಳು. ಗಂಡಸರು ನೋಡುತ್ತ ನಿಂತರು. ಬೇರೆ ಮನೆಯ ಒರಳಿಗೆ ಕೈ ಹಚ್ಚುವಂತಿಲ್ಲವಲ್ಲ. ಹಾದಿಯಲ್ಲಿ ಕೂತಳು, ಎದ್ದಳು, ಮತ್ತೆ ಉರುಳಿಸಿದಳು. ತಿರುವಿಗೆ ಬಂದಳು. ವ್ಯಾಪಾರಿ ಅಷ್ಟರಲ್ಲಿ ಕಾರು ತೆಗೆದು ತನ್ನ ಒರಳನ್ನು ಗೋಡೆಗೆ ಸರಿಸಿ ನಿಂತಿದ್ದ. ಅವಳು ತನ್ನ ಒರಳನ್ನು ಹಳದಿ ಗೆರೆ ಬಳಸಿದ ಜಾಗದಲ್ಲಿ, ಚರಂಡಿಯ ಅಂಚಿಗೆ ಕೂರಿಸಿದಳು.

"ಇಲ್ಲಿ ಯಾವ ಗಾಡಿ ನಿಲ್ಲಸ್ತಿ?" ಎಂದು ರೈತ ಕೇಳಿದ.

"ಯಾವುದೂ ಇಲ್ಲ."

"ಮತ್ತ ಒರಳು ಯಾಕ?"

"ಬೋರ್ಡು ಯಾರ ಮನೀದೂ ಅಲ್ಲ, ಹಿಂಗಾಗಿ ಅದರ ಮಾತು ಯಾರೂ ಕೇಳಲಿಲ್ಲ. ಇದು ನಮ್ಮನೀದು. ಈ ಜಾಗ ಇನ್ನ ನಮ್ಮನೀದು. ಇದು ಖಾಲಿ ಇರತೈತಿ."

ಹೊರಗಿನಿಂದ ಬಂದವರು ಬೋರ್ಡು ನೋಡುತ್ತಿರಲಿಲ್ಲ, ಒರಳು ನೋಡಿ ಮುಂದೆ ಹೋಗುತ್ತಿದ್ದರು. ಖಾನಾವಳಿಗೆ ಬರುವವರು ಕಡಿಮೆಯಾದರು. ಅವಳ ತಮ್ಮ ಎರಡು ದಿನ ಮಾತು ಬಿಟ್ಟ, ಬುಟ್ಟಿ ಬಿಡಲಿಲ್ಲ. ಹುಡುಗಿ ಈಗಲೂ ತಿರುವಿನ ತನಕ ಹೋಗಿ ನಿಲ್ಲುತ್ತಿದ್ದಳು. ರಸ್ತೆ ಕಾಣುತ್ತಿತ್ತು. ಆದರೂ ತಿರುಗಿ ಬರುತ್ತಿದ್ದಳು.

"ನಾಳೆ ಮತ್ತ ಅಲ್ಲಿ ಕಾರು ನಿಂತರ?" ಎನ್ನುತ್ತಿದ್ದಳು.

ಪಂಚಮಿ ಬಂತು. ಶಾಲೆಗೆ ಆ ದಿನ ರಜೆ ಇರಲಿಲ್ಲ. ರೈತನ ಅಳಿಯ ಬಂದ. ಮಾವನ ಮನೆ ಮುಂದೆ ಅವನದೇ ಎತ್ತಿನ ಗಾಡಿ ಇತ್ತು. ಅಳಿಯ ಕಾರನ್ನು ತಿರುವಿನಲ್ಲಿ, ಒರಳಿಗೆ ಒತ್ತಿ ನಿಲ್ಲಿಸಿದ. ಬೀದಿಯವರೆಲ್ಲ ಬಾಗಿಲಿಗೆ ಬಂದರು. ಅಳಿಯನಿಗೆ ಯಾರು ಹೇಳಬೇಕು? ಹುಡುಗಿ ಚೀಲ ಹಾಕಿಕೊಂಡು ನೋಡುತ್ತ ನಿಂತಿದ್ದಳು.

ಖಾನಾವಳಿಯಾಕೆ ಒಲೆಯ ಮುಂದಿನಿಂದ ಹಿಟ್ಟಿನ ಕೈಯಲ್ಲೇ ಬಂದಳು. ಕಾರಿನ ಮುಂದೆ ನಿಂತಳು.

"ಅಳಿಯಂದ್ರ, ಕಾರು ತೆಗೀರಿ."

"ಹಬ್ಬದ ದಿನ, ಅತ್ತೀ. ಒಂದು ತಾಸು ಅಷ್ಟ."

"ಒಂದು ತಾಸಿನಾಗ ಸಾಲಿ ಗಂಟಿ ಹೊಡೀತೈತಿ. ತೆಗೀರಿ."

"ಜಾಗ ಖಾಲೀನ ಐತೆಲ್ಲ."

ಆಗ ಹಿಂದಿನಿಂದ ವ್ಯಾಪಾರಿಯ ಧ್ವನಿ ಬಂತು. "ಖಾಲಿ ಇಲ್ಲ. ಆಕಿ ಹಿಡಿದಾಳ. ತೆಗೀರಿ ಅಳಿಯಂದ್ರ, ನಾನೂ ತೆಗದೀನಿ."

ರೈತ ಹೊರಗೆ ಬಂದ. ಒರಳು ನೋಡಿದ, ಆಕೆಯ ಹಿಟ್ಟಿನ ಕೈ ನೋಡಿದ. ಎತ್ತಿನ ಗಾಡಿಯನ್ನು ಹಿಂದಕ್ಕೆ ನೂಕಿದ. ಅಳಿಯನ ಕಾರು ಅಲ್ಲಿಗೆ ಹೋಯಿತು.

ಹುಡುಗಿ ತಿರುವಿಗೆ ಬಂದು ನಿಂತಳು. ಆ ಕಡೆ ನೋಡಿದಳು. ಈ ಕಡೆ ನೋಡಿದಳು. ದಾಟಿದಳು. ಹಿಂದೆ ತಿರುಗಿ ನೋಡಲಿಲ್ಲ. ಆ ದಿನ ಊಟಕ್ಕೆ ಬಂದವರಿಗೆಲ್ಲ ಒಂದೊಂದು ಸೀದ ರೊಟ್ಟಿ ಸಿಕ್ಕಿತು. ಎಲ್ಲರೂ ತಿಂದು ಎದ್ದರು.

ಗುರುಗಳು ನಿಲ್ಲಿಸಿದರು.

ಚನ್ನವೀರ ನಿಟ್ಟುಸಿರು ಬಿಟ್ಟ. "ದೊಡ್ಡ ಮನಸ್ಸಿನ ಹೆಂಗಸು ಗುರುಗಳೇ. ನಮ್ಮ ರಸ್ತೆಯಲ್ಲಿ ಅಂಥವರು ಒಬ್ಬರಾದರೂ ಇದ್ದಿದ್ದರೆ ನಾನು ಇಲ್ಲಿಗೆ ಬರುವ ಕಾಲ ಬರುತ್ತಿರಲಿಲ್ಲ."

"ಚನ್ನವೀರ, ನಿಮ್ಮ ಅಜ್ಜಿಯ ಒರಳು ಈಗ ಎಲ್ಲಿದೆ?" ಎಂದರು ಗುರುಗಳು.

"ನಮ್ಮ ಗಾಡಿಯ ಜಾಗದಲ್ಲೇ" ಎನ್ನುತ್ತ ಚನ್ನವೀರ ಬಟ್ಟೆಯ ಚೀಲ ಎತ್ತಿಕೊಂಡು ಎದ್ದ.